ಅಡುಗೆಮನೆಯ ಕತೆ: ಎ. ಕೆ. ರಾಮಾನುಜನ್

1929ರ ಮಾರ್ಚ್ 16ರಂದು ಮೈಸೂರಿನಲ್ಲಿ ಜನಿಸಿದ ಅತ್ತಿಪಟ್ಟು ಕೃಷ್ಣಸ್ವಾಮಿ ರಾಮಾನುಜನ್ ಅವರ ಮನೆಯಲ್ಲಿ ಒಂದೊಂದು ಭಾಷೆಗೂ ಒಂದೊಂದು ನೆಲೆಯಿತ್ತು. ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯವರ ಮಹಡಿಯಲ್ಲಿ ಇಂಗ್ಲಿಷ್, ಕೆಳಗೆ ಹೆಂಗಸರ ನಡುವೆ ತಮಿಳು, ಹೊರಗೆ ಬೀದಿಯಲ್ಲಿ ಕನ್ನಡ. ಅವರ ವಿದ್ವತ್ತನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಮಹಡಿಯಿಂದಲೇ ಆರಂಭಿಸುತ್ತಾರೆ. ಆದರೆ ಅವರ ಜಾನಪದಾಧ್ಯಯನದ ಬೇರು ಇರುವುದು ಅಡುಗೆಮನೆಯಲ್ಲಿ. ಮನೆಯ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ತುತ್ತು ಕೊಡುವಾಗ, ಊಟ ಮುಗಿಯುವ ಮುನ್ನ ಅವರು ನಿದ್ದೆಹೋಗದಿರಲೆಂದು ಅಜ್ಜಿ ಕತೆ ಹೇಳುತ್ತಿದ್ದರು. ಅಲ್ಲಿ ಕತೆಯೂ ಅನ್ನದಂತೆಯೇ ನಿತ್ಯದ ಬಳಕೆಯ ವಸ್ತುವಾಗಿತ್ತು.

1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದಾಗ ಅವರು ಕತೆ, ಗಾದೆಗಳ ಸಂಗ್ರಹದಲ್ಲಿ ತೊಡಗಿದರು. ಬಳಿಕ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ವ್ಯಾಸಂಗ. 1959ರಲ್ಲಿ ಅಮೆರಿಕಾ ಪ್ರಯಾಣ. 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದ ಡಾಕ್ಟರೇಟ್. ಕೊನೆಯವರೆಗೂ ಶಿಕಾಗೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕತ್ವ. ವಚನಗಳ ಅನುವಾದವಾದ ‘ಸ್ಪೀಕಿಂಗ್ ಆಫ್ ಶಿವ’ (1973) ಅವರಿಗೆ ವಿಶ್ವಖ್ಯಾತಿ ತಂದಿತು. ಕತೆಗಳ ಸಂಗತಿ ಹಾಗಲ್ಲ. ಅವು ದಶಕಗಳ ಕಾಲ ಅವರೊಡನೆ ಸದ್ದಿಲ್ಲದೆ ಬೆಳೆದವು.

ಪ್ರಾಚೀನ ತಮಿಳು ಕಾವ್ಯಮೀಮಾಂಸೆಯ ಅಗಂ ಮತ್ತು ಪುರಂ ಎಂಬ ವಿಭಾಗವನ್ನು ಅವರು ಕನ್ನಡದ ಜನಪದ ಕತೆಗಳಿಗೆ ಅನ್ವಯಿಸಿದರು. ಬಯಲಿನಲ್ಲಿ, ನೆರೆದ ಜನರ ಮುಂದೆ ವೃತ್ತಿಗಾಯಕರು ಹಾಡುವ ಕಥನಗಳಲ್ಲಿ ಹೆಸರುಗಳುಂಟು, ಊರುಗಳುಂಟು. ಮನೆಯೊಳಗೆ ಹೆಂಗಸರು ಹೇಳುವ ಕತೆಗಳಲ್ಲಿಯಾದರೋ ಒಬ್ಬ ರಾಜ, ಒಬ್ಬಳು ಕಿರಿಯ ಸೊಸೆ, ಅಷ್ಟೆ. ಹೆಸರಿಲ್ಲದಿರುವುದು ಕೊರತೆಯೆಂದು ಹಿಂದಿನ ಸಂಗ್ರಾಹಕರಲ್ಲಿ ಕೆಲವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ, ಹೆಸರಿಲ್ಲದ ಸೊಸೆ ಯಾವ ಮನೆಗಾದರೂ ಸಲ್ಲುತ್ತಾಳೆ. ಅಜ್ಜಿಯಿಂದ ಮೊಮ್ಮಗಳಿಗೆ, ತವರಿನಿಂದ ಗಂಡನ ಮನೆಗೆ ಕತೆ ಸಲೀಸಾಗಿ ಸಾಗುತ್ತದೆ. ಗಂಡಸರ ದೃಷ್ಟಿಯ ಗ್ರಂಥಸ್ಥ ಪರಂಪರೆಗೆ ಸಮಾನಾಂತರವಾಗಿ ಹೆಣ್ಣಿನ ಲೋಕದೃಷ್ಟಿಯೊಂದು ಈ ದಾರಿಯಲ್ಲಿಯೇ ಉಳಿದುಬಂದಿದೆ ಎಂಬುದು ರಾಮಾನುಜನ್ ಅವರ ಮುಖ್ಯ ಶೋಧ.

ಅವರು ಸಂಗ್ರಹಿಸಿದ ಕನ್ನಡ ಕತೆಗಳಲ್ಲಿ ಒಂದು ಕತೆಯನ್ನೇ ಕುರಿತದ್ದು. ಗೃಹಿಣಿಯೊಬ್ಬಳಿಗೆ ಒಂದು ಕತೆ, ಒಂದು ಹಾಡು ಗೊತ್ತಿದ್ದವು. ಅವನ್ನು ಆಕೆ ಯಾರಿಗೂ ಹೇಳಲಿಲ್ಲ. ಉಸಿರುಕಟ್ಟಿದ ಅವು ಆಕೆ ನಿದ್ರಿಸುತ್ತಿದ್ದಾಗ ತೆರೆದ ಬಾಯಿಂದ ಹೊರಬಿದ್ದವು. ಕತೆ ಬಾಗಿಲಲ್ಲಿ ಒಂದು ಜೊತೆ ಜೋಡಾಯಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗಿಕೊಂಡಿತು. ಗಂಡ ಬಂದು ನೋಡಿ ಸಂಶಯಪಟ್ಟ, ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ಆ ಗುಡಿಯಲ್ಲಿ ಸೇರಿ ಹರಟುವುದುಂಟು. ತಡವಾಗಿ ಬಂದ ಜ್ವಾಲೆಯ ಬಾಯಿಂದ ಅವನಿಗೆ ನಿಜ ತಿಳಿಯಿತು. ಮನೆಗೆ ಮರಳಿ ಹೆಂಡತಿಯನ್ನು ಕೇಳಿದರೆ, ಕತೆಯೂ ಹಾಡೂ ಆಕೆಗೆ ಮರೆತೇ ಹೋಗಿದ್ದವು.

ಈ ಕತೆಗೆ ಅಂಥ ಗತಿ ಒದಗಲಿಲ್ಲ. ರಾಮಾನುಜನ್ ಇದನ್ನೂ, ನಾಗರಹಾವು ಗಂಡನ ರೂಪದಲ್ಲಿ ಬರುವ ಇನ್ನೊಂದು ಕತೆಯನ್ನೂ ಗೆಳೆಯ ಗಿರೀಶ ಕಾರ್ನಾಡರಿಗೆ ಹೇಳಿದ್ದರು. ಅವೆರಡೂ ಕೂಡಿ 1988ರ ‘ನಾಗಮಂಡಲ’ ನಾಟಕವಾಯಿತು. ಹರಟುವ ಜ್ವಾಲೆಗಳು ರಂಗಕ್ಕೆ ಬಂದವು. 1993ರ ಜುಲೈ 13ರಂದು ಶಿಕಾಗೊದಲ್ಲಿ ರಾಮಾನುಜನ್ ನಿಧನರಾದಾಗ ಅವರ ಕನ್ನಡ ಕತೆಗಳ ಇಂಗ್ಲಿಷ್ ಸಂಕಲನ ಇನ್ನೂ ಅಚ್ಚಾಗಿರಲಿಲ್ಲ. ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡಿಸ್ ಅದನ್ನು ಸಂಪಾದಿಸಿ 1997ರಲ್ಲಿ ಹೊರತಂದರು.