ಫ್ಯಾರಡೆ ಒಳಗೆ ಹೋಗಿ ನಿಂತ ಪೆಟ್ಟಿಗೆ

ಬೆಳಗಾವಿಯಲ್ಲಿ ಲಿಫ್ಟ್ ಬಾಗಿಲು ಮುಚ್ಚಿದ್ರೆ ನಮ್ಮ ಮೊಬೈಲ್ ಸಿಗ್ನಲ್ ಹೋಗುತ್ತೆ. ಖಾನಾಪುರದ ಕಾಡಿನ ಕಡೆ ಹೋದಾಗಲೂ ಹೋಗುತ್ತೆ, ಆದರೆ ಅಲ್ಲಿ ಟವರ್ ದೂರ, ಇಲ್ಲಿ ಸುತ್ತ ಲೋಹ. ಲೋಹದ ಈ ಗುಣವನ್ನ ತಾನೇ ಒಳಗೆ ಹೋಗಿ ಪರೀಕ್ಷಿಸಿದವರು ಮೈಕೆಲ್ ಫ್ಯಾರಡೆ.

ಅವರು ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ಹತ್ತಿರ. ತಂದೆ ಕಮ್ಮಾರ. ನಮ್ಮ ಉದ್ಯಮಬಾಗದ ಫೌಂಡ್ರಿ ಕೆಲಸಗಾರರ ಹಾಗೆ ಬೆಂಕಿ, ಕಬ್ಬಿಣದ ಜೊತೆ ಬದುಕು. ಶಾಲೆ ಕಲಿತದ್ದು ಸ್ವಲ್ಪವೇ. 14ನೇ ವಯಸ್ಸಿಗೆ ಬುಕ್ ಬೈಂಡಿಂಗ್ ಕೆಲಸಕ್ಕೆ ಸೇರಿ, ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನೇ ಓದಿದರು. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿ, ನೋಟ್ಸ್ ಬರೆದು, ಅದನ್ನೂ ಬೈಂಡ್ ಮಾಡಿ ಅವರಿಗೇ ಕಳಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ ಲ್ಯಾಬಲ್ಲಿ ಸಹಾಯಕನ ಕೆಲಸ ಸಿಕ್ತು.

1831ರ ಇಂಡಕ್ಷನ್ ನಮಗೆಲ್ಲ ಗೊತ್ತು. 1836ರಲ್ಲಿ ಅವರು 12 ಅಡಿಯ ಮರದ ಚೌಕಟ್ಟು ಕಟ್ಟಿ, ಅದಕ್ಕೆ ತಂತಿ, ಲೋಹದ ಹಾಳೆ ಸುತ್ತಿದರು. ಹೊರಗೆ ಕಿಡಿ ಹಾರೋಷ್ಟು ವಿದ್ಯುತ್ ಕೊಟ್ಟರೂ ಒಳಗಿದ್ದ ಅವರ ಎಲೆಕ್ಟ್ರೋಮೀಟರ್ ಅಲ್ಲಾಡಲಿಲ್ಲ. ಚಾರ್ಜ್ ಎಲ್ಲ ಹೊರಮೈಯಲ್ಲೇ ನಿಂತಿತ್ತು.

ಇವತ್ತು ಸರ್ಕ್ಯೂಟುಗಳು ಒಂದಕ್ಕೊಂದು ತೊಂದರೆ ಕೊಡಬಾರದು ಅಂತ ಲೋಹದ ಕವಚ ಹಾಕ್ತಾರೆ. ಆದರೆ ಲೋಹ ಭಾರ, ತುಕ್ಕು ಹಿಡಿಯುತ್ತೆ, ಅಲೆಯನ್ನ ಹೆಚ್ಚಾಗಿ ವಾಪಸ್ ಎಸೆಯುತ್ತೆ. ಅದಕ್ಕೇ ಪಾಲಿಅನಿಲಿನ್‌ನಂಥ ವಿದ್ಯುತ್ ಹರಿಸೋ ಪಾಲಿಮರ್‌ಗೆ ಗ್ರಾಫೀನ್ ಅಥವಾ ಕಾರ್ಬನ್ ನ್ಯಾನೊಟ್ಯೂಬ್ ಬೆರೆಸ್ತಾರೆ. ಇದು ಹಗುರ, ಅಲೆಯ ಒಂದು ಪಾಲನ್ನ ಹೀರಿ ಶಾಖ ಮಾಡುತ್ತೆ. 20 ಡೆಸಿಬೆಲ್ ತಡೆ ಅಂದ್ರೆ ಶೇ. 99ರಷ್ಟು ಪವರ್ ದಾಟಲಿಲ್ಲ ಅಂತ ಅರ್ಥ.

ನಮಗೆ ಆಶ್ಚರ್ಯ ಆಗಿದ್ದು ಇಲ್ಲಿ. ಪಾಲಿಅನಿಲಿನ್ ಸರಪಳಿಯಲ್ಲಿರೋದು ಬೆಂಜೀನ್ ಉಂಗುರ. 1825ರಲ್ಲಿ ಬೆಂಜೀನ್ ಬೇರ್ಪಡಿಸಿದ್ದೂ ಫ್ಯಾರಡೆಯೇ. ಚಿನ್ನವನ್ನ ತುಂಬಾ ಸಣ್ಣ ಕಣ ಮಾಡಿದರೆ ದ್ರವ ಕೆಂಪಾಗುತ್ತೆ ಅಂತ 1857ರಲ್ಲಿ ತೋರಿಸಿದ್ದೂ ಅವರೇ. ನ್ಯಾನೊ ಅನ್ನೋ ಮಾತು ಆಗ ಇರಲಿಲ್ಲ.

ಗಣಿತ ಅವರಿಗೆ ಅಷ್ಟು ಬರ್ತಿರಲಿಲ್ಲ. ಅವರ ಬಲರೇಖೆಗಳಿಗೆ ಸಮೀಕರಣ ಕೊಟ್ಟದ್ದು ಮ್ಯಾಕ್ಸ್‌ವೆಲ್. ನಡುವಯಸ್ಸಿನ ನಂತರ ನೆನಪಿನ ಶಕ್ತಿ ಕೈಕೊಡ್ತಾ ಬಂತು. ಹಾಗಿದ್ದರೂ ಗುರುತ್ವಕ್ಕೂ ವಿದ್ಯುತ್ತಿಗೂ ನಂಟು ಹುಡುಕಿ ಸೋತಾಗ, ಆ ಸೋಲನ್ನೂ ಪ್ರಕಟಿಸಿದರು. 1867ರ ಆಗಸ್ಟ್ 25ರಂದು ತೀರಿಕೊಂಡರು.

ರೀಡಿಂಗ್ ಸರಿ ಬರದಿದ್ರೆ ನಾವು ಸೀನಿಯರ್ ರೆಕಾರ್ಡ್ ನೋಡಿ ತುಂಬಿಸ್ತೀವಿ. ಮುಂದಿನ ಲ್ಯಾಬಲ್ಲಿ, ಬಂದದ್ದನ್ನೇ ಬರೆದು ನೋಡೋಣ.