ಆನೆ ಲಾಯದ ಹುಡುಗ ಸಾಬು

ಡಿಸ್ನಿಯವರ ‘ಅಲಾದ್ದೀನ್’ ನೋಡಿದ ಮಕ್ಕಳಿಗೆಲ್ಲ ಅಬು ಗೊತ್ತು. ಅಲಾದ್ದೀನನ ಹೆಗಲೇರಿ ಕೂರುವ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಗರಿಸುವ ತುಂಟ ಕೋತಿ. ದುಷ್ಟ ಮಂತ್ರಿ ಜಾಫರ್‌ನನ್ನೂ ಯಾರೂ ಮರೆತಿರಲಾರರು. 1992ರ ಆ ಚಿತ್ರಕ್ಕೆ ಈ ಎರಡೂ ಹೆಸರುಗಳು ಬಂದದ್ದು ಅರ್ಧ ಶತಮಾನದಷ್ಟು ಹಳೆಯದಾದ ಇನ್ನೊಂದು ಸಿನಿಮಾದಿಂದ, 1940ರ ‘ದಿ ಥೀಫ್ ಆಫ್ ಬಾಗ್ದಾದ್’ನಿಂದ. ಅದರಲ್ಲಿ ಅಬು ಕೋತಿಯಲ್ಲ, ಬಾಗ್ದಾದಿನ ಬೀದಿಗಳಲ್ಲಿ ಕದ್ದು ತಿಂದು ಬದುಕುವ ಚುರುಕು ಹುಡುಗ. ಆ ಪಾತ್ರ ಮಾಡಿದವನು ಮೈಸೂರು ಸೀಮೆಯ ಒಬ್ಬ ಮಾವುತನ ಮಗ. ತೆರೆಯ ಮೇಲೆ ಅವನ ಹೆಸರು ಬರುತ್ತಿದ್ದದ್ದು ಒಂದೇ ಪದದಲ್ಲಿ: ಸಾಬು.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ. ಕಬಿನಿ ಹೊಳೆಯ ಸೀಮೆ, ಸುತ್ತಲೂ ಆನೆಕಾಡು. ಹತ್ತಿರದ ಕಾಕನಕೋಟೆಯಲ್ಲಿ ಮಹಾರಾಜರ ಕಾಲದಲ್ಲಿ ಖೆಡ್ಡಾ ನಡೆಯುತ್ತಿತ್ತು. ಕಾಡಾನೆಗಳ ಹಿಂಡನ್ನು ತಮಟೆ ಬಾರಿಸಿ, ಪಂಜು ಹಿಡಿದು, ಕೂಗೆಬ್ಬಿಸಿ ಬೆದರಿಸಿ, ಹೊಳೆಗಿಳಿಸಿ, ಮರದ ದಿಮ್ಮಿಗಳಿಂದ ಕಟ್ಟಿದ ಭಾರಿ ದೊಡ್ಡಿಯೊಳಕ್ಕೆ ಅಟ್ಟುವ ಕೆಲಸಕ್ಕೆ ಖೆಡ್ಡಾ ಎಂದು ಹೆಸರು. ಹೀಗೆ ಹಿಡಿದ ಆನೆಗಳನ್ನು ಪಳಗಿಸಿ ಕಾಡಿನಲ್ಲಿ ದಿಮ್ಮಿ ಎಳೆಯುವುದಕ್ಕೂ ಅರಮನೆಯ ಸೇವೆಗೂ ಬಳಸುತ್ತಿದ್ದರು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಈಗ ಆ ಪದ್ಧತಿ ಇಲ್ಲ. ಅಂದಿನ ಕಾಡಿನ ಎಷ್ಟೋ ಭಾಗ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ.

ಮಾವುತನ ಕಸುಬು ಶಾಲೆಯಲ್ಲಿ ಕಲಿಯುವಂಥದ್ದಲ್ಲ. ಆನೆಯ ಕುತ್ತಿಗೆಯ ಮೇಲೆ ಕೂತು, ಅದರ ಕಿವಿಯ ಹಿಂದೆ ಕಾಲ್ಬೆರಳಿನಿಂದ ಒತ್ತಿ ಎಡಕ್ಕೋ ಬಲಕ್ಕೋ ತಿರುಗಿಸಬೇಕು. ಮಂಡಿಯೂರು, ಏಳು, ನಿಲ್ಲು ಎಂಬುದಕ್ಕೆಲ್ಲ ಬೇರೆ ಬೇರೆ ಮಾತು. ಹೊಳೆಯಲ್ಲಿ ಮೈ ಉಜ್ಜಬೇಕು, ಸೊಪ್ಪು ತಂದು ಹಾಕಬೇಕು, ಆನೆಗೆ ಸಿಟ್ಟು ಬರುವ ಮೊದಲೇ ಅದರ ಕಣ್ಣು ಕಿವಿ ನೋಡಿ ತಿಳಿಯಬೇಕು. ಸಾಬು ಇದನ್ನೆಲ್ಲ ಎಳೆಯ ವಯಸ್ಸಿನಲ್ಲೇ ಕಲಿತ. ಅವನು ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದರು, ಕೆಲವು ವರ್ಷಗಳಲ್ಲಿ ತಂದೆಯೂ ಹೋದರು. ತಬ್ಬಲಿ ಹುಡುಗನಿಗೆ ಮಹಾರಾಜರ ಆನೆ ಲಾಯವೇ ಆಸರೆಯಾಯಿತು.

1935ರಲ್ಲಿ ಆ ಲಾಯಕ್ಕೆ ಸಿನಿಮಾದವರು ಬಂದರು. ಉತ್ತರ ಧ್ರುವದ ಕಡೆಯ ಇನುಯಿಟ್ ಜನರ ಬದುಕನ್ನು ‘ನನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರದಲ್ಲಿ ತೋರಿಸಿ ಹೆಸರಾಗಿದ್ದ ರಾಬರ್ಟ್ ಫ್ಲಾಹರ್ಟಿ, ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾಗಾಗಿ ಆನೆಯ ಚಿತ್ರವೊಂದನ್ನು ತೆಗೆಯಲು ಮೈಸೂರಿಗೆ ಬಂದಿದ್ದರು. ಅವರ ತಂಡ ಬೀಡುಬಿಟ್ಟದ್ದು ಚಿತ್ತರಂಜನ್ ಮಹಲಿನಲ್ಲಿ. ಇಂದು ಮೈಸೂರಿನ ಗ್ರೀನ್ ಹೋಟೆಲ್ ಇರುವ ಕಟ್ಟಡ ಅದು. ಚಿತ್ರಕ್ಕೆ ಆಧಾರವಾದ, ಕಿಪ್ಲಿಂಗ್ ಬರೆದ ತೂಮಾಯಿ ಎಂಬ ಹುಡುಗನ ಕತೆ ಅಸ್ಸಾಮಿನ ಕಡೆಯ ಗಾರೋ ಬೆಟ್ಟಗಳದು, ಆದರೆ ಸಿನಿಮಾ ಮೈಸೂರು ಕಾಡುಗಳಲ್ಲಿ ತಯಾರಾಗಬೇಕಿತ್ತು. ಆನೆಗಳಿಗೇನೂ ಬರವಿರಲಿಲ್ಲ. ಅವುಗಳ ಜೊತೆ ಅಂಜದೆ ಇರಬಲ್ಲ ಹುಡುಗ ಬೇಕಿತ್ತು. ಲಾಯದಲ್ಲಿದ್ದ ಸಾಬು ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಬಿದ್ದ.

ಆ ಚಿತ್ರವೇ ‘ಎಲಿಫೆಂಟ್ ಬಾಯ್’, 1937ರಲ್ಲಿ ತೆರೆಗೆ ಬಂತು. ಉಳಿದ ದೃಶ್ಯಗಳ ಚಿತ್ರೀಕರಣಕ್ಕೆ ಸಾಬುವನ್ನು ಲಂಡನ್ ಬಳಿಯ ಡೆನಮ್ ಸ್ಟುಡಿಯೋಗೆ ಕರೆದೊಯ್ದಿದ್ದರು, ಜೊತೆಗೆ ಅವನ ಅಣ್ಣನೂ ಹೋಗಿದ್ದ. ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಅದನ್ನು ಇಂದು ನೋಡಿದರೆ ಕತೆ ಅಲ್ಲಲ್ಲಿ ಎಳೆದಂತೆ ಕಾಣುತ್ತದೆ. ಆದರೆ ಐರಾವತ ಎಂಬ ಭಾರಿ ಆನೆಯ ಮೇಲೆ ಆ ಪುಟ್ಟ ಹುಡುಗ ಕೂತಿರುವ ದೃಶ್ಯ ಬಂದಾಗ ಕಣ್ಣು ಕೀಳಲಾಗುವುದಿಲ್ಲ. ಅಲ್ಲಿ ಅವನು ನಟಿಸುತ್ತಿಲ್ಲ, ತನಗೆ ಗೊತ್ತಿದ್ದ ಕೆಲಸ ಮಾಡುತ್ತಿದ್ದಾನೆ. ಎಷ್ಟು ಹಣ ಸುರಿದರೂ ಲಂಡನ್ನಿನಲ್ಲಿ ಆ ನಿರಾಳ ಸಿಗುತ್ತಿರಲಿಲ್ಲ.

ಮುಂದಿನ ಚಿತ್ರ ‘ದಿ ಡ್ರಮ್’ (1938) ಅಷ್ಟು ಸಂತೋಷದ ನೆನಪಲ್ಲ. ವಾಯವ್ಯ ಗಡಿಯಲ್ಲಿ ಬ್ರಿಟಿಷರ ಆಳ್ವಿಕೆಯನ್ನು ಹೊಗಳುವ ಕತೆ ಅದು, ಸಾಬು ಅದರಲ್ಲಿ ಬ್ರಿಟಿಷರ ಸ್ನೇಹಿತನಾದ ರಾಜಕುಮಾರ. ಸ್ವಾತಂತ್ರ್ಯ ಚಳವಳಿಯ ಕಾಲ. ಬೊಂಬಾಯಿ, ಮದ್ರಾಸುಗಳಲ್ಲಿ ಜನ ಆ ಸಿನಿಮಾದ ವಿರುದ್ಧ ಪ್ರತಿಭಟಿಸಿದರು. ಹದಿಹರೆಯದ ಹುಡುಗನ ಮೇಲೆ ಆ ತಪ್ಪು ಹೊರಿಸಲಾಗದು. ಆದರೆ ಭಾರತವನ್ನು ಅಂದಿನ ಪಡುವಣ ಸಿನಿಮಾ ಹೇಗೆ ನೋಡುತ್ತಿತ್ತು ಎಂಬುದನ್ನು ಮಕ್ಕಳೂ ತಿಳಿಯಬೇಕು.

‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರೀಕರಣ ಇಂಗ್ಲೆಂಡಿನಲ್ಲಿ ಶುರುವಾಗಿ, ಎರಡನೇ ಮಹಾಯುದ್ಧ ಬಂದದ್ದರಿಂದ ಹಾಲಿವುಡ್‌ನಲ್ಲಿ ಮುಗಿಯಿತು. ಹಾರುವ ಕುದುರೆ, ಹಾರುವ ಕಂಬಳಿ, ಸೀಸೆಯೊಳಗಿಂದ ಹೊಗೆಯಾಗಿ ಎದ್ದು ಆಕಾಶದೆತ್ತರಕ್ಕೆ ಬೆಳೆಯುವ ಭೂತ, ಎಲ್ಲವೂ ಕಂಪ್ಯೂಟರ್ ಇಲ್ಲದ ಕಾಲದ ಕೈಚಳಕ. ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ಪರಿಣಾಮಗಳಿಗೆ ಮೂರು ಆಸ್ಕರ್ ಬಂದವು. ಚಿತ್ರದ ನಾಯಕ ಅಹ್ಮದ್ ಎಂದು ಕಾಗದದ ಮೇಲೆ ಇರಬಹುದು. ನೋಡುವವರ ಮನಸ್ಸು ಕದಿಯುವವನು ಅಬು. 1942ರಲ್ಲಿ ‘ಜಂಗಲ್ ಬುಕ್’ ಬಂತು, ಸಾಬು ಮೋಗ್ಲಿಯಾದ. ಮಿಕ್ಲೋಸ್ ರೋಜಾ ಅವರ ಸಂಗೀತದ ಜೊತೆ ಸಾಬು ಕತೆ ಹೇಳುವ ಗ್ರಾಮಫೋನ್ ರೆಕಾರ್ಡುಗಳೂ ಮಾರಾಟವಾದವು.

ಅಲ್ಲಿಂದ ಯೂನಿವರ್ಸಲ್ ಸ್ಟುಡಿಯೋ ಅವನನ್ನು ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಎಂಬ ಬಣ್ಣದ ಚಿತ್ರಗಳಲ್ಲಿ ಹಾಕಿಕೊಂಡಿತು. ಅವುಗಳಲ್ಲಿ ಅವನು ಸದಾ ಬರಿಮೈಯ ಕಾಡುಹುಡುಗ ಅಥವಾ ನಾಯಕನ ತಮಾಷೆಯ ಗೆಳೆಯ. ಸೂಟು ತೊಟ್ಟ ವೈದ್ಯನ, ಮೇಷ್ಟರ, ಸಾಧಾರಣ ಅಪ್ಪನ ಪಾತ್ರವನ್ನು ಅವನಿಗೆ ಕೊಡಬಹುದೆಂದು ಹಾಲಿವುಡ್‌ಗೆ ತೋಚಲಿಲ್ಲ. ಅವನ ಬಾಳಿನ ದೊಡ್ಡ ಅನ್ಯಾಯ ಇದೇ.

1944ರಲ್ಲಿ ಸಾಬು ಅಮೆರಿಕದ ಪೌರರಾದರು, ಸೈನ್ಯದ ವಾಯುಪಡೆ ಸೇರಿದರು. ಬಿ-24 ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ಸಾಗರದ ರಣರಂಗದಲ್ಲಿ ಹಾರಾಡಿದರು. ತಾರೆಯೆಂದು ಸುಲಭದ ಕೆಲಸ ಹಿಡಿದು ಕೂರದೆ ಜೀವವನ್ನೇ ಪಣಕ್ಕಿಟ್ಟು ಮಾಡಿದ ಆ ಸೇವೆಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಪದಕ ದೊರೆಯಿತು.

ಯುದ್ಧದ ನಂತರ ಇಂಗ್ಲೆಂಡಿಗೆ ಹೋಗಿ ಮಾಡಿದ ‘ಬ್ಲ್ಯಾಕ್ ನಾರ್ಸಿಸಸ್’ (1947) ಅವರ ಅತಿ ಗಂಭೀರ ಚಿತ್ರಗಳಲ್ಲೊಂದು. ಹಿಮಾಲಯದ ಕತೆಯಾದರೂ ಚಿತ್ರತಂಡ ಹಿಮಾಲಯಕ್ಕೆ ಹೋಗಲಿಲ್ಲ. ಪರ್ವತಗಳನ್ನು ಬಣ್ಣ ಬಳಿದು ಸ್ಟುಡಿಯೋದಲ್ಲೇ ನಿಲ್ಲಿಸಿದರು. ಸಾಬು ಅಲ್ಲಿ ಸುಗಂಧ ಪೂಸಿಕೊಂಡು ಓದಲು ಬರುವ ಬೆಡಗಿನ ಯುವಕ. ಮುಂದಿನ ವರ್ಷ ಮರ್ಲಿನ್ ಕೂಪರ್ ಅವರನ್ನು ಮದುವೆಯಾದರು. ಪಾಲ್ ಮತ್ತು ಜಾಸ್ಮಿನ್ ಎಂಬ ಇಬ್ಬರು ಮಕ್ಕಳು. ಪಾಲ್ ಮುಂದೆ ರಾಕ್ ಸಂಗೀತಗಾರರಾದರು, ಜಾಸ್ಮಿನ್ ಪ್ರಾಣಿಗಳನ್ನು ಪಳಗಿಸುವ ಕೆಲಸ ಹಿಡಿದರು.

ಐವತ್ತರ ದಶಕದಲ್ಲಿ ಒಳ್ಳೆಯ ಪಾತ್ರಗಳು ಕಡಿಮೆಯಾದವು. ಲಂಡನ್ನಿನ ಹ್ಯಾರಿಂಗೇ ಸರ್ಕಸ್‌ನಲ್ಲಿ ಆನೆಗಳ ಜೊತೆ ಕಾಣಿಸಿಕೊಂಡರು. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವರನ್ನು ಯೋಚಿಸಿದ್ದರು. ಭಾರತದಲ್ಲಿ ಕೆಲಸ ಮಾಡಲು ಪರವಾನಗಿ ಸಿಗದೆ ಅದು ಕೈತಪ್ಪಿತು, ಬಿರ್ಜುವಾಗಿ ಸುನಿಲ್ ದತ್ ಹೆಸರು ಮಾಡಿದರು. ಹುಟ್ಟಿದ ನೆಲದ ಒಂದೇ ಒಂದು ಭಾರತೀಯ ಸಿನಿಮಾದಲ್ಲೂ ಸಾಬು ನಟಿಸಲಿಲ್ಲ ಎಂಬುದು ಇಂದಿಗೂ ನೋಯಿಸುವ ಸಂಗತಿ. ಜೊತೆಗೇ ಊರು ಬಿಟ್ಟು ಬಂದಿದ್ದ ಅಣ್ಣ 1960ರಲ್ಲಿ ಕ್ಯಾಲಿಫೋರ್ನಿಯಾದ ಅಂಗಡಿಯಲ್ಲಿ ದರೋಡೆಯೊಂದರಲ್ಲಿ ಕೊಲೆಯಾದರು. ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಸಾಬು ಹೆಸರಿನ ನಕ್ಷತ್ರ ಕೂತದ್ದೂ ಆ ವರ್ಷವೇ.

1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಸಾಬು ತೀರಿಕೊಂಡರು. ವಯಸ್ಸು ಕೇವಲ 39. ಡಿಸ್ನಿ ಸಂಸ್ಥೆಗಾಗಿ ಮಾಡಿದ್ದ ಕೊನೆಯ ಚಿತ್ರ ‘ಎ ಟೈಗರ್ ವಾಕ್ಸ್’ ಬಿಡುಗಡೆಯಾದದ್ದು ಮರುವರ್ಷ.

ಮಕ್ಕಳು ನೋಡುವುದಾದರೆ ಮೊದಲು ‘ದಿ ಥೀಫ್ ಆಫ್ ಬಾಗ್ದಾದ್’ ನೋಡಲಿ, ಆಮೇಲೆ ‘ಜಂಗಲ್ ಬುಕ್’. ‘ಬ್ಲ್ಯಾಕ್ ನಾರ್ಸಿಸಸ್’ ದೊಡ್ಡವರಾದ ಮೇಲೆ ನೋಡುವ ಚಿತ್ರ. ‘ಎಲಿಫೆಂಟ್ ಬಾಯ್’ ನೋಡುವಾಗ ಅಜ್ಜ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ದೃಶ್ಯ ಡೆನಮ್‌ನಲ್ಲಿ ಹಾಕಿದ ಸೆಟ್ಟು, ಯಾವುದು ನಿಜವಾದ ಮೈಸೂರಿನ ಕಾಡು ಎಂದು ಗುರುತಿಸಲು ಹೇಳಿ. ಆ ಕಡೆಯವರಾಗಿದ್ದರೆ ಥಟ್ಟನೆ ಹೇಳಿಬಿಡುತ್ತಾರೆ.