ಹೊಟ್ಟೆಯೊಳಗಿನ ಆಸಿಲೇಟರ್ ಮತ್ತು ಕಹಾಲ್

ಕ್ಯಾಂಟೀನಿನಲ್ಲಿ ತಿಂದ ಇಡ್ಲಿ ಹೊಟ್ಟೆಯಲ್ಲಿ ಮುಂದಕ್ಕೆ ಹೋಗೋದಕ್ಕೂ ಒಂದು ತಾಳ ಇದೆ. ಜಠರದಲ್ಲಿ ನಿಮಿಷಕ್ಕೆ ಸುಮಾರು 3 ಅಲೆ, ಸಣ್ಣ ಕರುಳಿನ ಶುರುವಿನಲ್ಲಿ ಸುಮಾರು 12. ನಮ್ಮ ಲೆಕ್ಕದಲ್ಲಿ ಅದೊಂದು ಆಸಿಲೇಟರ್. ಈ ತಾಳ ಹಾಕೋದು ಸ್ನಾಯುವೂ ಅಲ್ಲ, ನರವೂ ಅಲ್ಲ. ಅವುಗಳ ಸಂದಿಯಲ್ಲಿ ಕೂತಿರುವ ಪುಟ್ಟ ಜೀವಕೋಶಗಳು. ಅವಕ್ಕೆ ಸ್ಪೇನಿನ ವಿಜ್ಞಾನಿ ಸಾಂತಿಯಾಗೊ ರಾಮೊನ್ ಇ ಕಹಾಲ್ ಹೆಸರನ್ನೇ ಇಟ್ಟಿದ್ದಾರೆ.

1852ರಲ್ಲಿ ಹುಟ್ಟಿದ ಕಹಾಲ್‌ಗೆ ಚಿಕ್ಕಂದಿನಿಂದ ಚಿತ್ರ ಬರೆಯೋ ಹುಚ್ಚು. ವೈದ್ಯರಾಗಿದ್ದ ಅಪ್ಪನಿಗೆ ಅದು ಕಂಡರಾಗದು. ಮಗ ದಾರಿಗೆ ಬರಲಿ ಅಂತ ಒಮ್ಮೆ ಕ್ಷೌರದಂಗಡಿಗೆ, ಇನ್ನೊಮ್ಮೆ ಶೂ ಹೊಲಿಯುವವರ ಹತ್ತಿರ ಕೆಲಸಕ್ಕೆ ಹಾಕಿದರು. ಹುಡುಗ ತಾನೇ ಮಾಡಿದ ಫಿರಂಗಿಯಿಂದ ಪಕ್ಕದವರ ಗೇಟು ಒಡೆದು ಜೈಲಿಗೂ ಹೋಗಿ ಬಂದ. (ಮೆಕ್ಯಾನಿಕಲ್‌ನವರು ಇದನ್ನ ಮಿನಿ ಪ್ರಾಜೆಕ್ಟ್ ಮಾಡ್ಕೋಬೇಡಿ.) ಕೊನೆಗೆ ಅಪ್ಪನೇ ಸ್ಮಶಾನಕ್ಕೆ ಕರ್ಕೊಂಡು ಹೋಗಿ ಮೂಳೆಗಳನ್ನು ತೋರಿಸಿದರು. ಅವನ್ನು ಬರೆಯುತ್ತಾ ಬರೆಯುತ್ತಾ ಹುಡುಗ ವೈದ್ಯಕೀಯಕ್ಕೆ ಬಂದ. ಆಮೇಲೆ ಸೈನ್ಯದ ಡಾಕ್ಟರಾಗಿ ಕ್ಯೂಬಾ, ಅಲ್ಲಿ ಮಲೇರಿಯಾ.

1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಅವರು ಇಟಲಿಯ ಗಾಲ್ಜಿ ಕಂಡುಹಿಡಿದಿದ್ದ ಬೆಳ್ಳಿ ಬಣ್ಣದ ವಿಧಾನವನ್ನು ನೋಡಿದರು. ನರಮಂಡಲ ಒಂದೇ ಕೂಡಿಕೊಂಡ ಬಲೆ ಅನ್ನೋದು ಗಾಲ್ಜಿ ವಾದ. ಅದೇ ವಿಧಾನ ಹಿಡಿದು, ನರಕೋಶಗಳು ಬೇರೆ ಬೇರೆಯಾಗಿವೆ ಅಂತ ಕಹಾಲ್ ತೋರಿಸಿದರು. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್. ಗಾಲ್ಜಿ ತಮ್ಮ ನೊಬೆಲ್ ಭಾಷಣದಲ್ಲೂ ಕಹಾಲ್ ವಾದವನ್ನು ಒಪ್ಪಲಿಲ್ಲ!

ಇಷ್ಟು ಚುರುಕು ಕಣ್ಣಿನ ಮನುಷ್ಯ ಕರುಳಿನ ವಿಷಯದಲ್ಲಿ ಎಡವಿದ್ದೇ ನಮಗೆ ಹೆಚ್ಚು ಕುತೂಹಲ. ನರದ ತುದಿ ಮತ್ತು ಸ್ನಾಯುವಿನ ನಡುವೆ ಕವಲು ಕವಲಾದ ಕೋಶಗಳು ಅವರಿಗೆ ಕಂಡವು. ನರಕ್ಕೆ ಹಿಡಿಯುವ ಬಣ್ಣವೇ ಇವಕ್ಕೂ ಹಿಡಿಯಿತು. ಹಾಗಾಗಿ ಇವೂ ಒಂದು ಥರದ ಆದಿಮ ನರಕೋಶ ಅಂದುಕೊಂಡರು. ಜಾಗ, ಆಕಾರ ಎಲ್ಲ ಸರಿಯಾಗೇ ಗುರುತಿಸಿದ್ದರು, ಲೇಬಲ್ ಮಾತ್ರ ತಪ್ಪು. ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬಂದು ಇನ್‌ಫರೆನ್ಸ್ ಕೈಕೊಟ್ಟ ಹಾಗೆ.

1934ರಲ್ಲಿ ಕಹಾಲ್ ತೀರಿಕೊಂಡರು. ಲೇಬಲ್ ಸರಿಹೋಗೋಕೆ ದಶಕಗಳೇ ಬೇಕಾದವು. 1990ರ ದಶಕದಲ್ಲಿ ಕಿಟ್ ಅನ್ನೋ ಜೀನ್ ಕೆಟ್ಟಿದ್ದ ಇಲಿಗಳನ್ನು ನೋಡಿದಾಗ, ಸಣ್ಣ ಕರುಳಿನ ಸ್ನಾಯು ಪದರಗಳ ನಡುವೆ ಈ ಕೋಶಗಳೂ ಇರಲಿಲ್ಲ, ಅಲ್ಲಿನ ನಿಧಾನದ ವಿದ್ಯುತ್ ಅಲೆಯೂ ಇರಲಿಲ್ಲ. ಇವತ್ತು ಸಕ್ಕರೆ ಕಾಯಿಲೆಯವರ ಜಠರ ಮಂದವಾದಾಗ, ಈ ಕೋಶಗಳು ಕಮ್ಮಿಯಾಗಿವೆಯಾ ಅಂತ ಸಂಶೋಧಕರು ಎಣಿಸಿ ನೋಡ್ತಾರೆ.